ಘಟ್ಟದ ಏರಿಗೆ ಹಳೆಯ ಯೆಜ್ಡಿ: ಎಂಜಿನ್ ಬಿಚ್ಚುವ ಮುನ್ನ ತಿಳಿಯಬೇಕಾದದ್ದು

ಚಿಕ್ಕಮಗಳೂರು: ಕಾಫಿ ತೋಟಗಳ ನಾಡಿನಲ್ಲಿ ಮಳೆಗಾಲ ಕಳೆಯಿತೆಂದರೆ, ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಹಳೆಯ ಯೆಜ್ಡಿ ಬೈಕುಗಳನ್ನು ಹೊರತೆಗೆಯುವ ಕಾಲ ಬಂದಂತೆ. ಎಂಜಿನ್ ಸರಳವಾಗಿರುವುದರಿಂದ ಮನೆಯಲ್ಲೇ ಬಿಚ್ಚಿ ಸರಿಪಡಿಸುವ ಉತ್ಸಾಹಿಗಳಿಗೂ ಕೊರತೆಯಿಲ್ಲ. ಆದರೆ ಅಂದಾಜಿನ ಮೇಲೆ ಜೋಡಿಸಿದ ಎಂಜಿನ್ ಚಾರ್ಮಾಡಿ ಘಟ್ಟದ ತಿರುವಿನಲ್ಲಿ ಹಠಾತ್ತನೆ ಬಿಗಿದುಕೊಂಡರೆ ಹಿಂದಿನ ಚಕ್ರವೂ ನಿಂತುಬಿಡುತ್ತದೆ. ಆಗ ಅಪಾಯ ಬೈಕಿಗಷ್ಟೇ ಅಲ್ಲ, ಸವಾರನ ಪ್ರಾಣಕ್ಕೂ ಇದೆ.

ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. ನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳನ್ನು ಹೊರತಂದು, 1978ರಲ್ಲಿ ಹೆಚ್ಚು ಶಕ್ತಿಯ ರೋಡ್‌ಕಿಂಗ್ ಮಾದರಿಯನ್ನು ಬಿಡುಗಡೆ ಮಾಡಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2022ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಬೈಕುಗಳದ್ದು ದ್ರವದಿಂದ ತಣಿಯುವ ನಾಲ್ಕು ಸ್ಟ್ರೋಕ್ ಎಂಜಿನ್. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದ್ದರಿಂದ ಮೈಸೂರಿನ ಹಳೆಯ ಎಂಜಿನ್ನಿನ ಒಂದೊಂದು ಭಾಗವನ್ನೂ ಜೋಪಾನ ಮಾಡಬೇಕಾಗಿದೆ.

ಗಾಳಿಯೇ ತಂಪು, ಪೆಟ್ರೋಲೇ ಎಣ್ಣೆ

ಗಾಳಿಯಿಂದ ತಣಿಯುವ ಎಂಜಿನ್ನುಗಳೆಲ್ಲ ಒಂದೇ ಬಗೆಯವಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಮತ್ತು 1998ರವರೆಗಿನ ಪೋರ್ಷೆ 911 ಕಾರುಗಳಲ್ಲಿ ಗಾಳಿ ಬೀಸಲು ಫ್ಯಾನ್ ಇತ್ತು. ಎಂಜಿನ್ನೊಳಗೆ ಸುತ್ತುವ ಎಣ್ಣೆಯೂ ಶಾಖವನ್ನು ಹೊರಗೊಯ್ಯುತ್ತಿತ್ತು. ಯೆಜ್ಡಿಯಲ್ಲಿ ಇವೆರಡೂ ಇಲ್ಲ. ಬೈಕು ಚಲಿಸುವಾಗ ಸಿಲಿಂಡರಿನ ರೆಕ್ಕೆಗಳಿಗೆ ತಗಲುವ ಗಾಳಿಯೇ ಅದಕ್ಕೆ ತಂಪು; ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಆಧಾರ.

ಘಟ್ಟ ಏರುವಾಗ ಎಂಜಿನ್ ಹೆಚ್ಚು ದುಡಿಯುತ್ತದೆ, ವೇಗ ಮಾತ್ರ ಕಡಿಮೆ. ಶಾಖ ಏರುತ್ತದೆ, ಗಾಳಿ ಸಾಲದಾಗುತ್ತದೆ. ರೆಕ್ಕೆಗಳ ನಡುವೆ ಕೆಸರು ಒಣಗಿ ಕುಳಿತಿದ್ದರಂತೂ ಎಂಜಿನ್ನಿಗೆ ಕಂಬಳಿ ಹೊದಿಸಿದಂತೆಯೇ ಸರಿ.

ಮಳೆಗಾಲದ ತೇವದ ತೊಂದರೆ ಬೇರೆ. ಬೈಕು ತಿಂಗಳುಗಟ್ಟಲೆ ನಿಂತರೆ ಬೇರಿಂಗುಗಳ ಮೇಲಿನ ತೆಳುವಾದ ಎಣ್ಣೆಯ ಪದರ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪಿಸ್ಟನ್ ಬದಲಿಸಿ ಕ್ರ್ಯಾಂಕಿನ ಗೊಡವೆ ಬಿಡುವುದು ಅರ್ಧ ಕೆಲಸ ಮಾಡಿದಂತೆ.

ಮನೆಯ ಕೆಲಸ, ಲೇತ್ ಅಂಗಡಿಯ ಕೆಲಸ

ಬಿಚ್ಚುವುದು, ತೊಳೆಯುವುದು, ಸೈಲೆನ್ಸರ್ ಹಾಗೂ ಹೊಗೆ ಹೋಗುವ ದ್ವಾರಗಳ ಮಸಿ ಕೆರೆಯುವುದು, ಅಳೆಯುವುದು, ಮತ್ತೆ ಜೋಡಿಸುವುದು – ಇವನ್ನು ಮನೆಯಲ್ಲಿ ಮಾಡಬಹುದು. ಸಿಲಿಂಡರ್ ಬೋರ್ ಮಾಡಿಸುವುದಕ್ಕೂ, ಒತ್ತಿ ಕೂಡಿಸಿದ ಕ್ರ್ಯಾಂಕನ್ನು ಬಿಡಿಸಿ ಕನೆಕ್ಟಿಂಗ್ ರಾಡ್ ಬದಲಿಸುವುದಕ್ಕೂ ಅನುಭವವುಳ್ಳ ಲೇತ್ ಅಂಗಡಿಗೇ ಹೋಗಬೇಕು.

248.5 ಸಿಸಿಯ ಈ ಎಂಜಿನ್ನಿನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗುವ ಪ್ರಮಾಣ ಕಬ್ಬಿಣದ ಸುಮಾರು ಇಮ್ಮಡಿ. ಇವೆರಡರ ನಡುವೆ ಬಿಡುವ ಕೂದಲೆಳೆಯಷ್ಟು ಅಂತರ ತೀರಾ ಕಡಿಮೆಯಾದರೆ ಏರಿನಲ್ಲಿ ಪಿಸ್ಟನ್ ಬಿಗಿಯುತ್ತದೆ, ಹೆಚ್ಚಾದರೆ ಬಡಿಯುತ್ತದೆ. ಆದ್ದರಿಂದ ಮೊದಲು ಪಿಸ್ಟನ್ ಕೊಂಡು, ಅದರ ಅಳತೆಗೆ ತಕ್ಕಂತೆ ಬೋರ್ ಮಾಡಿಸುವುದೇ ಸರಿಯಾದ ಕ್ರಮ.

ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ತಪ್ಪದೆ ಬದಲಿಸಬೇಕು. ಡೈನಮೋ ಬದಿಯ ಸೀಲ್ ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗಿ, ಎಂಜಿನ್ ವಿಪರೀತ ಕಾಯುತ್ತದೆ. ಕ್ಲಚ್ ಬದಿಯದು ಸೋರಿದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ. ಕಿಡಿ ಹಾರುವ ಹೊತ್ತು ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಮುಂಚಿತವಾದರೂ ಶಾಖ ಏರುತ್ತದೆ. ಅದನ್ನು ಕಿವಿಯಿಂದಲ್ಲ, ಡಯಲ್ ಗೇಜ್‌ನಿಂದ ಹೊಂದಿಸಬೇಕು.

ಕ್ರ್ಯಾಂಕ್ ಕೇಸಿನ ಎರಡು ಹೋಳುಗಳನ್ನು ಜೊತೆಯಾಗಿಯೇ ಕೊರೆದಿರುತ್ತಾರೆ. ಬೇರೆ ಬೈಕಿನ ಹೋಳು ತಂದು ಕೂಡಿಸಿದರೆ ಬೇರಿಂಗುಗಳು ಒಂದೇ ನೇರಕ್ಕೆ ಬಾರದಿರಬಹುದು. ಜೊತೆಗೆ, ಎಂಜಿನ್ ಸಂಖ್ಯೆ ಆರ್‌ಸಿ ಪುಸ್ತಕದೊಂದಿಗೆ ತಾಳೆಯಾಗದೆ ನೋಂದಣಿ ನವೀಕರಣಕ್ಕೂ ತೊಡಕಾದೀತು.

ಮೇಲೆ ಒಂದು ಲೆಕ್ಕ, ಕೆಳಗೆ ಒಂದು

ಮೂಡಿಗೆರೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ. 10ರಷ್ಟು ತೆಳು. ಇದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗಿ ಎಂಜಿನ್ ಮಂಕಾಗುತ್ತದೆಂದು ಕೆಲವರು ಕಾರ್ಬ್ಯುರೇಟರಿಗೆ ಚಿಕ್ಕ ಜೆಟ್ ಹಾಕುವುದುಂಟು. ಅದೇ ಬೈಕು ಕೊಟ್ಟಿಗೆಹಾರ ದಾಟಿ ಉಜಿರೆಯತ್ತ ಇಳಿದಾಗ ಗಾಳಿ ದಟ್ಟವಾಗುತ್ತದೆ, ಪೆಟ್ರೋಲ್ ಸಾಲದಾಗುತ್ತದೆ, ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ.

ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ ಕೊಡುವ ಇಂಧನ ಸಾಕಾಗುವುದಿಲ್ಲ. ಅದು ತೇವವನ್ನೂ ಹೀರುತ್ತದೆ. ಆದ್ದರಿಂದ ತಗ್ಗಿನ ಊರಿಗೆ ಹೊಂದುವ ಜೆಟ್ಟನ್ನೇ ಉಳಿಸಿಕೊಂಡು, ಮಲೆಯ ಮೇಲೆ ತುಸು ಮಂಕುತನ ಸಹಿಸುವುದು ಕ್ಷೇಮ. ಮಳೆಗಾಲಕ್ಕೆ ಬೈಕು ನಿಲ್ಲಿಸುವ ಮುನ್ನ ಟ್ಯಾಂಕ್ ಹಾಗೂ ಕಾರ್ಬ್ಯುರೇಟರನ್ನು ಬರಿದು ಮಾಡಬೇಕು.

ಇಳಿಜಾರಿನ ಎಚ್ಚರ

ಏರಿಗಿಂತ ಇಳಿಜಾರು ಸುರಕ್ಷಿತವೆಂಬ ನಂಬಿಕೆ ಎರಡು ಸ್ಟ್ರೋಕ್ ಬೈಕಿಗೆ ಸಲ್ಲದು. ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನ ಬಿಗಿತದಲ್ಲೇ ಉದ್ದಕ್ಕೆ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ಎಣ್ಣೆ ಒಳಗೆ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ವೇಗ ತಗ್ಗಿಸಲು ಬ್ರೇಕನ್ನೇ ನೆಚ್ಚಬೇಕು. ಆದ್ದರಿಂದ ಎಂಜಿನ್ ಜೋಡಿಸಿದ ದಿನ ಬ್ರೇಕ್ ಲೈನರ್‌ಗಳನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಹೊಸದಾಗಿ ಜೋಡಿಸಿದ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಘಟ್ಟಕ್ಕೆ ಒಯ್ಯದೆ, ಸಮತಟ್ಟಾದ ರಸ್ತೆಯಲ್ಲಿ ವೇಗ ಬದಲಿಸುತ್ತ ಓಡಿಸಬೇಕು. ಎಂಜಿನ್ ಬಿಗಿಯುವ ಸೂಚನೆ ಸಿಕ್ಕ ಕ್ಷಣವೇ ಕ್ಲಚ್ ಹಿಡಿದು ಬದಿಗೆ ನಿಲ್ಲಿಸಬೇಕು. ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಂಡಿತೆಂದು ಹಾಗೆಯೇ ಮುಂದುವರಿಯಬಾರದು. ಸಿಲಿಂಡರ್ ತೆಗೆದು ಕಾರಣ ಪತ್ತೆ ಹಚ್ಚಿದ ಮೇಲಷ್ಟೇ ಕಳಸದ ದಾರಿ ಹಿಡಿಯುವುದು ಲೇಸು.