ಹೊಟೇಲು ಕೆಲಸಗಾರನಿಗೆ ತೆರೆದಿರುವ ತರಬೇತಿ ಯಾವುದು?

ಕಳೆದ ತಿಂಗಳು ಎರ್ನಾಕುಳದ ಹೊಟೇಲೊಂದರಲ್ಲಿ ಹದಿಮೂರು ವರ್ಷಗಳಿಂದ ದೋಸೆ ಹುಯ್ಯುತ್ತಿರುವ ಕುಂದಾಪುರದ ಕಡೆಯ ತರುಣರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ವಯಸ್ಸು ಮೂವತ್ತೊಂದು, ಓದಿದ್ದು ಏಳನೆಯ ತರಗತಿ. ಕೊಲ್ಲಿ ದೇಶದ ಕೆಲಸವೊಂದು ಕೈಗೆ ಬಂದಂತಾಗಿ, ‘ಸರ್ಟಿಫಿಕೇಟು ಎಲ್ಲಿ?’ ಎಂಬ ಒಂದೇ ಪ್ರಶ್ನೆಯಿಂದ ತಪ್ಪಿಹೋಗಿತ್ತು. ತಮ್ಮಂಥವರನ್ನು ಸೇರಿಸಿಕೊಳ್ಳುವ ತರಬೇತಿ ಯಾವುದಾದರೂ ಉಂಟೇ ಎಂದು ಅವರು ಕೇಳಿದರು. ಉತ್ತರ ಕೂಡಲೇ ನಮ್ಮಲ್ಲಿರಲಿಲ್ಲ. ವಿಚಾರಿಸಿ ತಿಳಿದುದನ್ನು, ಇತರ ಬಂಧುಗಳಿಗೂ ಉಪಯೋಗವಾದೀತೆಂದು, ಇಲ್ಲಿ ನಿವೇದಿಸುತ್ತಿದ್ದೇವೆ.

ತಿರುವನಂತಪುರದ ಬಳಿ ಕೋವಳಂನಲ್ಲಿರುವ ಹೊಟೇಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಹೆಸರು ದೊಡ್ಡದು. ಅಲ್ಲಿಯ ಪದವಿಗೆ ಹನ್ನೆರಡನೆಯ ತರಗತಿ ಇಂಗ್ಲಿಷ್ ಸಹಿತ ತೇರ್ಗಡೆಯಾಗಿರಬೇಕು. ಅದರ ಮೇಲೆ ಅಖಿಲ ಭಾರತ ಪ್ರವೇಶ ಪರೀಕ್ಷೆ. ಯಜಮಾನರ ಮಕ್ಕಳಿಗೆ ಇದು ತಕ್ಕುದು. ಅವರ ಅಡಿಗೆಮನೆಯವರಿಗೆ ಅಲ್ಲ. ಕಳಮಶ್ಶೇರಿಯ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟು ಒಂದೆರಡು ಮೆಟ್ಟಲು ಕೆಳಗಿಳಿದು ಬರುತ್ತದೆ. ಎಸ್.ಎಸ್.ಎಲ್.ಸಿ. ಆಗಿದ್ದರೆ ಸಾಕು, ಹೊಟೇಲಿನಲ್ಲಿ ಪಡೆಯುವ ಅಭ್ಯಾಸವೂ ಸೇರಿ ಒಂದು ವರ್ಷದೊಳಗೆ ಪಾಕಶಾಸ್ತ್ರ, ಬಡಿಸುವಿಕೆ, ಬೇಕರಿ ಮುಂತಾದವುಗಳಲ್ಲಿ ಒಂದನ್ನು ಕಲಿಸುತ್ತಾರೆ.

ಇನ್ನು ಐ.ಟಿ.ಐ.ಗಳು. ಹದಿನಾಲ್ಕು ವರ್ಷ ತುಂಬಿದವರೆಲ್ಲರೂ ಸೇರಬಹುದು, ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಕಳಕ್ಕೂಟ್ಟಂನಲ್ಲಿ ಸ್ತ್ರೀಯರಿಗಾಗಿಯೇ ಒಂದಿದೆ. ಆದರೆ ಇಲ್ಲೊಂದು ವಿಚಿತ್ರ ಕಂಡೆವು: ವೆಲ್ಡರ್, ವಯರ್‌ಮನ್ ವೃತ್ತಿಗಳಿಗೆ ಎಂಟನೆಯ ತರಗತಿ ಸಾಕು, ಅಡಿಗೆಯ ವೃತ್ತಿಗೆ ಮಾತ್ರ ಹತ್ತನೆಯದು ಬೇಕು. ಕಬ್ಬಿಣ ಬೆಸೆಯುವುದಕ್ಕಿಂತ ಸಾಂಬಾರು ಕುದಿಸುವುದು ಎರಡು ತರಗತಿಯಷ್ಟು ಕಠಿಣವೆಂದು ನಮ್ಮ ಭಟ್ಟರುಗಳಿಗೆ ಗೊತ್ತೇ ಇರಲಿಲ್ಲ! ಕಿವಿ ಕೇಳದವರ ವಿಷಯದಲ್ಲಿ 1997ರಲ್ಲಿ ಆರಂಭವಾದ, ತಿರುವನಂತಪುರದ ಆಕ್ಕುಳಂನಲ್ಲಿರುವ ನಿಷ್ ಸಂಸ್ಥೆಯನ್ನು ಮೆಚ್ಚಲೇಬೇಕು. ಸಂಜ್ಞಾಭಾಷೆಯಲ್ಲಿ ಪಾಠ ಹೇಳಿ ಪದವಿಯ ತನಕ ಒಯ್ಯುತ್ತಾರೆ. ಕಲಿಯುವವನ ಭಾಷೆಗೆ ಶಾಲೆಯೇ ಬಂದು ನಿಲ್ಲುವುದೆಂದರೆ ಇದು.

ಮೇಲೆ ಹೇಳಿದವೆಲ್ಲವೂ ಹಗಲಿನ ತರಗತಿಗಳು. ಬೆಳಗಿನ ಐದಕ್ಕೆ ಒಲೆ ಹೊತ್ತಿಸಿ ರಾತ್ರಿ ಹತ್ತಕ್ಕೆ ಕಲ್ಲು ತೊಳೆಯುವವನಿಗೆ ಅಂಕಗಳಿಗಿಂತ ಗಡಿಯಾರವೇ ದೊಡ್ಡ ಅಡ್ಡಿ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥವರು ರಾತ್ರಿಶಾಲೆ ನಡೆಸಿದ್ದು ಈ ಅಡ್ಡಿಯನ್ನು ಅರಿತೇ.

ಕೇಂದ್ರ ಪ್ರವಾಸೋದ್ಯಮ ಇಲಾಖೆಯು 2009-10ರಲ್ಲಿ ತಂದ ‘ಹುನರ್ ಸೇ ರೋಜ್‌ಗಾರ್’ ಕೆಲವೇ ವಾರಗಳ ತರಬೇತಿ. ಎಂಟನೆಯ ತರಗತಿ ಸಾಕೆಂದಿತು, ಆದರೆ ವಯಸ್ಸು 28 ಮೀರಬಾರದೆಂದಿತು. ನಮ್ಮ ತರುಣರು ಓದಿನಲ್ಲೊಂದು ವರ್ಷ ಹಿಂದೆ, ವಯಸ್ಸಿನಲ್ಲಿ ಮೂರು ವರ್ಷ ಮುಂದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ಯೋಜನೆಯ ಒಂದು ವಿಭಾಗವೇ ಅವರಿಗೆ ಹೆಚ್ಚು ಒಪ್ಪುವಂಥದು. ಕೆಲಸದಲ್ಲೇ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ, ತಿಂಗಳುಗಟ್ಟಲೆ ತರಗತಿಯಿಲ್ಲ. ಆದರೆ ಅದು ಎಸ್.ಎಸ್.ಎಲ್.ಸಿ.ಗೆ ಸಮವಲ್ಲ.

ಆ ಕೊರತೆಗೆ ಕೇರಳದ ಸಾಕ್ಷರತಾ ಮಿಷನ್ ನಡೆಸುವ ಹತ್ತನೆಯ ತರಗತಿಯ ತತ್ಸಮಾನ ಪರೀಕ್ಷೆ ಉಂಟು. ಏಳನೆಯ ತರಗತಿ ಆಗಿರಬೇಕು, ಹದಿನೇಳು ತುಂಬಿರಬೇಕು, ಅಷ್ಟೆ. ಕಾಸರಗೋಡಿನ ಬಂಧುಗಳು ಕನ್ನಡದಲ್ಲಿಯೇ ಬರೆಯುತ್ತಾರೆ. ಕೊಚ್ಚಿಯಲ್ಲಿ ಮಾತ್ರ ಮಲಯಾಳದ ತರಗತಿಯೇ ಗತಿ; ಮಾತು ಬಂದರೂ ಅಕ್ಷರ ಬಾರದವರು ನಮ್ಮಲ್ಲಿ ಎಷ್ಟು ಮಂದಿ! ಅದೇ ಮಿಷನ್ 2017ರಲ್ಲಿ ಪೆರುಂಬಾವೂರಿನಲ್ಲಿ ಆರಂಭಿಸಿದ ‘ಚಙ್ಙಾತಿ’ ಯೋಜನೆಯ ಪಾಠಪುಸ್ತಕವು ಹಿಂದಿ ಬಲ್ಲವರನ್ನು ಮನಸ್ಸಿನಲ್ಲಿಟ್ಟು ಬರೆದುದು. ಕನ್ನಡವೇ ಬೇಕೆಂಬವರು ಊರಿಗೆ ಹೋಗಿ ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಬಹುದು, ನಾವೂ ಹಾಗೆಯೇ ಕಟ್ಟಿದವರು.

ತತ್ಸಮಾನ ತರಗತಿಗಳು ನಡೆಯುವುದು ಹೆಚ್ಚಾಗಿ ಭಾನುವಾರ. ಗುಮಾಸ್ತರಿಗೆ ಅನುಕೂಲ. ಹೊಟೇಲಿನವನಿಗೆ ಭಾನುವಾರವೆಂದರೆ ವಾರದ ಅತ್ಯಂತ ದೊಡ್ಡ ವ್ಯಾಪಾರ. ‘ಬೇರೆ ಯಾವ ದಿನ ಬೇಕಾದರೂ ರಜೆ ಕೇಳು’ ಎಂದು ಗಲ್ಲದಲ್ಲಿ ಕುಳಿತು ನಾವೇ ಎಷ್ಟೋ ಸಲ ಹೇಳಿದ್ದೇವೆ. ಹಾಗೆ ಹೇಳಿಸಿಕೊಂಡ ಇಬ್ಬರು ಓದು ಬಿಟ್ಟದ್ದು ನಮಗೆ ನೆನಪಿದೆ.

ಆ ತರುಣರು ಕೊಚ್ಚಿಯಲ್ಲಿಯೇ ಓದುವುದೆಂದು ನಿಶ್ಚಯಿಸಿ ಅರ್ಜಿ ತುಂಬಿದ್ದಾರೆ. ಅವರ ಯಜಮಾನರನ್ನು ಕಂಡು ಮಾತನಾಡಿದೆವು. ತಿಂಗಳಿಗೆ ಎರಡು ಭಾನುವಾರ ಬಿಡಲು ಒಪ್ಪಿದ್ದಾರೆ. ಉಳಿದೆರಡು ಭಾನುವಾರಗಳ ಪಾಠವನ್ನು ಯಾರ ಪುಸ್ತಕದಿಂದ ನಕಲು ಮಾಡಿಕೊಳ್ಳಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.