ಫೀಸಿಗೆ ಅರ್ಜಿ ಹಾಕಿದರೆ ಮನೆಗೇ ಬರುತ್ತಾರೆ ಕಲಾರಂಗದ ಕಾರ್ಯಕರ್ತರು! ಯಾಕೆ ಗೊತ್ತಾ?

ಉಡುಪಿ: ಇಲ್ಲಿನ ಯಕ್ಷಗಾನ ಕಲಾರಂಗ ಶುರುವಾದದ್ದು 1975ರಲ್ಲಿ. ಯಕ್ಷಗಾನದ ಕೆಲಸದ ಜೊತೆಗೆ 2005ರಿಂದ ‘ವಿದ್ಯಾಪೋಷಕ್’ ಯೋಜನೆಯಡಿ ಬಡ, ಪ್ರತಿಭಾವಂತ ಮಕ್ಕಳ ಓದಿಗೂ ನೆರವು ಕೊಡುತ್ತಿದೆ.

ಆದರೆ ಅರ್ಜಿ ನೋಡಿ ಚೆಕ್ ಕೊಟ್ಟು ಕಳಿಸುವ ಕ್ರಮ ಇಲ್ಲಿಲ್ಲ. ಕಾರ್ಯಕರ್ತರು ವಿದ್ಯಾರ್ಥಿಯ ಮನೆಗೇ ಹೋಗುತ್ತಾರೆ. ಯಾಕೆಂದರೆ ಅಂಕಪಟ್ಟಿಯಲ್ಲಿ ಸೋರುವ ಮಾಡು ಕಾಣುವುದಿಲ್ಲ. ಟಾರ್ಪಾಲು ಹೊದೆಸಿದ ಗೋಡೆ, ಕರೆಂಟಿಲ್ಲದ ಕೋಣೆ, ಖಾಲಿಯಾದ ಅಕ್ಕಿ ಡಬ್ಬಿ, ಇವೆಲ್ಲ ಅಂಗಳಕ್ಕೆ ಹೋದರಷ್ಟೇ ಗೊತ್ತಾಗುವ ಸಂಗತಿ.

ಕರಾವಳಿಯ ಮಳೆಗೆ ಪುಸ್ತಕವೇ ಒದ್ದೆಯಾದರೆ ಫೀಸು ಕಟ್ಟಿ ಏನು ಪ್ರಯೋಜನ? ಹಾಗಾಗಿ ಕೆಲವರ ಮನೆಗೆ ಸೋಲಾರ್ ದೀಪ ಬಂದಿದೆ. ತೀರಾ ಕಷ್ಟದಲ್ಲಿದ್ದ ಕುಟುಂಬಗಳಿಗೆ ದಾನಿಗಳ ನೆರವಿನಿಂದ ಹೊಸ ಮನೆಯೇ ಎದ್ದಿದೆ.

ಬಾಯಿಬಿಟ್ಟು ಕೇಳಲು ಸಂಕೋಚಪಡುವ ಕುಟುಂಬಗಳಿಗೆ ಈ ಭೇಟಿಯೇ ದೊಡ್ಡ ಆಸರೆ.