ಗಡಿಯಾಚೆಗಿನ ಬಾವಿ

ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಬಾಗ್ಜಾನ್‌ನಲ್ಲಿ 2020ರ ಮೇ 27ರಂದು ಆಯಿಲ್ ಇಂಡಿಯಾ ಸಂಸ್ಥೆಯ 5ನೇ ನಂಬರಿನ ಬಾವಿಯಿಂದ ಅನಿಲ ಹಿಡಿತ ತಪ್ಪಿ ಚಿಮ್ಮಿತು. ಜೂನ್ 9ಕ್ಕೆ ಬೆಂಕಿ ಹೊತ್ತಿಕೊಂಡಿತು. ಅದು ಪೂರ್ತಿ ಆರಿದ್ದು ನವೆಂಬರ್ 15ರಂದು. ತೈಲ ಮತ್ತು ಕಾಡಿನ ಮಾತು ಬಂದಾಗಲೆಲ್ಲ ಕೇಳಿಬರುವ ಕೆಲವು ನಂಬಿಕೆಗಳನ್ನು ಈ ಬಾವಿಯ ಮುಂದಿಟ್ಟು ನೋಡೋಣ.

ತಪ್ಪು ಕಲ್ಪನೆ: ಅಪಾಯವಿರುವುದು ಹೊಸ ಬಾವಿ ಕೊರೆಯುವಾಗ ಮಾತ್ರ.
ಸತ್ಯ: ಬಾಗ್ಜಾನ್‌ನದು ಅದಾಗಲೇ ವರ್ಷಗಳಿಂದ ಅನಿಲ ಕೊಡುತ್ತಿದ್ದ ಬಾವಿ. ಅವಘಡವಾದದ್ದು ದುರಸ್ತಿಯ ವೇಳೆಯಲ್ಲಿ. ದುರಸ್ತಿ ಮಾಡುವಾಗ ಬಾವಿಗೆ ಭಾರವಾದ ದ್ರವ ತುಂಬಿ ಒಳಗಿನ ಒತ್ತಡವನ್ನು ಅದುಮಿ ಹಿಡಿಯಬೇಕು. ಆ ಹಿಡಿತ ಸಡಿಲವಾದರೆ ಅನಿಲ ಮೇಲಕ್ಕೆ ನುಗ್ಗುತ್ತದೆ.

ತಪ್ಪು ಕಲ್ಪನೆ: ಬಾವಿ ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗಿದ್ದರೆ ವನ್ಯಜೀವಿಗಳಿಗೆ ತೊಂದರೆಯಿಲ್ಲ.
ಸತ್ಯ: ಈ ಬಾವಿಯೂ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಹೊರಗೇ ಇತ್ತು. ನಡುವಿನ ದೂರ ಒಂದು ಕಿಲೋಮೀಟರಿಗಿಂತ ಕಡಿಮೆ. ಪಕ್ಕದಲ್ಲೇ ಮಾಗುರಿ-ಮೋಟಾಪುಂಗ್ ಎಂಬ ವಿಶಾಲವಾದ ಜೌಗು ಕೆರೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿಯುವ ಜಾಗ. ಹೊರಗೆ ನಿಂತು ಓರೆಯಾಗಿ ಕೊರೆದು ಉದ್ಯಾನದ ಅಡಿಯ ತೈಲ ತೆಗೆಯುವ ತಂತ್ರವಿದೆ, ನಿಜ. ಅದರಿಂದ ಒಳಗಿನ ಮರಗಳು ಉಳಿಯುತ್ತವೆ. ಆದರೆ ಬಾವಿಯ ಬಾಯಿ ಕಾಡಿನ ಅಂಚಿನಲ್ಲೇ ಇರುತ್ತದೆ. ಸಿಡಿದರೆ ಸಿಡಿಯುವುದೂ ಅಲ್ಲೇ.

ತಪ್ಪು ಕಲ್ಪನೆ: ಅನಿಲ ಗಾಳಿಯಲ್ಲಿ ಹೋಗಿಬಿಡುತ್ತದೆ, ನೀರಿನ ಜೀವಿಗಳಿಗೇನು?
ಸತ್ಯ: ಅನಿಲದ ಜೊತೆ ಎಣ್ಣೆಯಂಥ ದ್ರವವೂ ಚಿಮ್ಮಿ ಹುಲ್ಲು, ಬೆಳೆ, ನೀರಿನ ಮೇಲೆ ಬಿತ್ತು. ಆ ನೀರಿನಲ್ಲಿ ಗಂಗಾ ಡಾಲ್ಫಿನ್ ಇದೆ. ಅದು ಮೀನಲ್ಲ, ಸಸ್ತನಿ. ಕಣ್ಣು ಇದ್ದೂ ಇಲ್ಲದಂತೆ. ತಾನೇ ಹೊರಡಿಸಿದ ಸದ್ದಿನ ಮರುದನಿ ಕೇಳಿ ದಾರಿ ಹುಡುಕುತ್ತದೆ. ಉಸಿರಾಡಲು ಮತ್ತೆ ಮತ್ತೆ ಮೇಲೆ ಬರಲೇಬೇಕು, ಬಂದರೆ ಅಲ್ಲೇ ಎಣ್ಣೆಯ ಪದರ. ಅವಘಡವಾದ ಕೆಲವೇ ದಿನಗಳಲ್ಲಿ ಇಲ್ಲಿ ಡಾಲ್ಫಿನ್ ಒಂದು ಸತ್ತು ತೇಲುತ್ತಿತ್ತು.

ತಪ್ಪು ಕಲ್ಪನೆ: ತೈಲವೋ ಕಾಡೋ ಎಂಬುದು ಪ್ರಾಣಿಗಳ ಮತ್ತು ಮನುಷ್ಯರ ನಡುವಿನ ಜಗಳ.
ಸತ್ಯ: ಬೆಂಕಿಗೆ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಬಲಿಯಾದರು. ಸಾವಿರಾರು ಜನ ಮನೆ ಬಿಟ್ಟು ಪರಿಹಾರ ಶಿಬಿರ ಸೇರಿದರು. ಹಕ್ಕಿ, ಡಾಲ್ಫಿನ್‌ಗಳಿಗೆ ಮೀನು ಕೊಡುತ್ತಿದ್ದ ಕೆರೆಯೇ ಬೆಸ್ತರ ಮನೆಯನ್ನೂ ನಡೆಸುತ್ತಿತ್ತು.

ನಮಗೆ ಇಂಧನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾವಿಗೆ ಅನುಮತಿ ಕೊಡುವಾಗ ಅದು ಉದ್ಯಾನದಿಂದ ಎಷ್ಟು ದೂರ ಎಂದು ಅಳೆದರಷ್ಟೇ ಸಾಲದು. ಅಲ್ಲಿ ಚೆಲ್ಲಿದ್ದು ಯಾವ ನೀರಿಗೆ ಸೇರುತ್ತದೆ, ಆ ನೀರಿಗೆ ಯಾರು ಬಲೆ ಹಾಕುತ್ತಾರೆ ಎಂದು ಮೊದಲೇ ಕೇಳಬೇಕು.